ಅಣು ಮಾದರಿಗೆ ಅನಿಮೇಷನ್ ಕೊಡುವ ಕ್ರಮ: ಹಿಮೋಗ್ಲೋಬಿನ್ ಇಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಸೆಮಿನಾರುಗಳಲ್ಲಿ ಪದೇ ಪದೇ ಕಾಣುವ ದೃಶ್ಯವೊಂದಿದೆ. ತೆರೆಯ ಮೇಲೆ ಬಣ್ಣಬಣ್ಣದ ಪ್ರೋಟೀನ್ ಗಿರಗಿರನೆ ತಿರುಗುತ್ತಿರುತ್ತದೆ, ಮಾತು ಬೇರೆಲ್ಲೋ ಸಾಗುತ್ತಿರುತ್ತದೆ. ಅದು ಯಾಕೆ ತಿರುಗುತ್ತಿದೆ ಎಂದು ಯಾರೂ ಹೇಳುವುದಿಲ್ಲ. ಕೂತವರ ಕಣ್ಣು ಚಲಿಸುವುದರ ಬೆನ್ನು ಹತ್ತುತ್ತದೆ, ಕಿವಿಗೆ ಬಿದ್ದದ್ದು ಒಳಗೆ ಇಳಿಯುವುದಿಲ್ಲ. ಅಷ್ಟು ಕಷ್ಟಪಟ್ಟು ಮಾಡಿದ ಅನಿಮೇಷನ್ನೇ ವಿಷಯಕ್ಕೆ ಅಡ್ಡ ನಿಲ್ಲುತ್ತದೆ.

ಇದಕ್ಕೆ ನಾನು ಪಾಲಿಸುವ ನಿಯಮ ಒಂದೇ: ತೆರೆಯ ಮೇಲಿನ ಪ್ರತಿ ಚಲನೆಯೂ ಅಣುವಿನ ಬಗ್ಗೆ ಒಂದು ಹೇಳಿಕೆ. ಹೇಳುವುದೇನೂ ಇಲ್ಲದಿದ್ದರೆ ಚಲನೆ ಬೇಡ. ಚಲನೆಯಲ್ಲಿ ಮೂರು ಬಗೆ. ಒಂದರಲ್ಲಿ ನಾವು ನೋಡುವ ಕೋನ ಬದಲಾಗುತ್ತದೆ. ಇನ್ನೊಂದರಲ್ಲಿ ಅಣುವೇ ರೂಪ ಬದಲಿಸುತ್ತದೆ. ಮೂರನೆಯದರಲ್ಲಿ ಎರಡೂ ಸ್ಥಿರ, ಚಿತ್ರದ ಬಣ್ಣ, ಪಾರದರ್ಶಕತೆ, ಶೈಲಿ ಮಾತ್ರ ಬದಲಾಗುತ್ತದೆ. ಗರ್ಭಗುಡಿಗೆ ಪ್ರದಕ್ಷಿಣೆ ಹಾಕುವಾಗ ಸುತ್ತುವವರು ನಾವು, ವಿಗ್ರಹವಲ್ಲ ಎಂಬುದು ಮಗುವಿಗೂ ಗೊತ್ತು. ತೆರೆಯ ಮೇಲೆ ಆ ಖಾತರಿ ಇಲ್ಲ. ಮೊದಲ ಬಾರಿ ನೋಡುವ ವಿದ್ಯಾರ್ಥಿಗೆ ಕ್ಯಾಮೆರಾ ಸುತ್ತಿದ್ದೂ ಪ್ರೋಟೀನ್ ತಿರುಚಿಕೊಂಡಿದ್ದೂ ಒಂದೇ ಥರ ಕಾಣುತ್ತದೆ. ಆದ್ದರಿಂದ ಒಂದು ಹೊತ್ತಿಗೆ ಒಂದೇ ಬಗೆಯ ಚಲನೆ ಇರಲಿ. ಮುಂದಿನ ಹಂತಗಳೆಲ್ಲ ಇದೇ ನಿಯಮದಿಂದ ಹೊರಟವು.

ಉದಾಹರಣೆಗೆ ಹಿಮೋಗ್ಲೋಬಿನ್ ತೆಗೆದುಕೊಳ್ಳೋಣ. ಪಿಯುಸಿ ಜೀವಶಾಸ್ತ್ರದಲ್ಲಿ ಆಮ್ಲಜನಕ ವಿಯೋಜನೆಯ ಸಿಗ್ಮಾಯ್ಡ್ ವಕ್ರರೇಖೆ ಎಲ್ಲರೂ ಬಿಡಿಸಿರುತ್ತಾರೆ. ಅದು 'ಎಸ್' ಆಕಾರ ತಾಳುವುದೇಕೆ ಎಂಬುದಕ್ಕೆ ಉತ್ತರ ಅಣುವಿನ ಚಲನೆಯಲ್ಲಿದೆ. ಆಮ್ಲಜನಕ ತಗುಲಿದಾಗ ಹಿಮೋಗ್ಲೋಬಿನ್ ಹರಳಿನ ಆಕಾರವೇ ಬದಲಾಗುವುದನ್ನು 1938ರಲ್ಲಿ ಫೆಲಿಕ್ಸ್ ಹೌರೋವಿಟ್ಸ್ ಗಮನಿಸಿದ್ದರು. ಮ್ಯಾಕ್ಸ್ ಪೆರುಟ್ಸ್ 1960ರಲ್ಲಿ 5.5 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ) ವಿವರದಲ್ಲಿ ಕುದುರೆಯ ಹಿಮೋಗ್ಲೋಬಿನ್ ರಚನೆ ಕೊಟ್ಟರು, 1962ರಲ್ಲಿ ಜಾನ್ ಕೆಂಡ್ರ್ಯೂ ಜೊತೆ ನೊಬೆಲ್ ಪಡೆದರು, 1970ರಲ್ಲಿ ಈ ಚಲನೆಯ ಕಾರ್ಯವಿಧಾನವನ್ನು ಮುಂದಿಟ್ಟರು. ಸ್ಥಿರಚಿತ್ರದಲ್ಲಿ ಹೇಳಲು ಒದ್ದಾಡಬೇಕಾದ, ಅನಿಮೇಷನ್ನಿಗೆಂದೇ ಹುಟ್ಟಿದಂತಿರುವ ವಿಷಯ ಇದು.

ಹಂತ 1: ಮೊದಲು ವಾಕ್ಯ ಬರೆಯಿರಿ

ಕಂಪ್ಯೂಟರ್ ಮುಟ್ಟುವ ಮೊದಲು ಕಾಗದದ ಮೇಲೆ, ನೋಡಿದವರಿಗೆ ಏನು ತಿಳಿಯಬೇಕೋ ಅದನ್ನು ಪೂರ್ಣ ವಾಕ್ಯಗಳಲ್ಲಿ ಬರೆಯಿರಿ. ನಮ್ಮ ಉದಾಹರಣೆಗೆ ಮೂರು ವಾಕ್ಯ ಸಾಕು:

ಹಿಮೋಗ್ಲೋಬಿನ್ನಿನಲ್ಲಿ ಎರಡು ಆಲ್ಫಾ, ಎರಡು ಬೀಟಾ ಸರಪಳಿಗಳಿವೆ, ಪ್ರತಿಯೊಂದರಲ್ಲೂ ಒಂದು ಹೀಮ್ (ನಡುವೆ ಕಬ್ಬಿಣವಿರುವ ಉಂಗುರ) ಇದೆ.

ಆಮ್ಲಜನಕ ಕೂತಾಗ ಹೀಮ್‌ನ ಕಬ್ಬಿಣ ಉಂಗುರದ ಸಮತಲದ ಕಡೆಗೆ ಸರಿದು, ತನಗಂಟಿದ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ಎಳೆಯುತ್ತದೆ.

ಆ ಎಳೆತ ಹಬ್ಬಿ, ಒಂದು ಆಲ್ಫಾ–ಬೀಟಾ ಜೋಡಿ ಇನ್ನೊಂದರ ಎದುರು ಸುಮಾರು 15 ಡಿಗ್ರಿ ತಿರುಗುತ್ತದೆ.

ಮೊದಲ ವಾಕ್ಯಕ್ಕೆ ಬೇಕಾದದ್ದು ನೋಟದ ಕೋನ ಮತ್ತು ಬಣ್ಣ. ಉಳಿದೆರಡಕ್ಕೆ ಅಣುವಿನ ಚಲನೆಯೇ ಬೇಕು. ಅಂದರೆ ಮೂರು ತುಣುಕು ವಿಡಿಯೋ. ಎಲ್ಲವನ್ನೂ ಒಂದೇ ಉದ್ದ ವಿಡಿಯೋದಲ್ಲಿ ತುರುಕುವ ಆಸೆ ಬಂದೇ ಬರುತ್ತದೆ, ಬಿಡಿ. ತುಣುಕುಗಳಿದ್ದರೆ ನಡುವೆ ನಿಲ್ಲಿಸಿ ಪ್ರಶ್ನೆ ಕೇಳಬಹುದು, ಹಿಂದಕ್ಕೆ ಹೋಗಬಹುದು.

ಹಂತ 2: ಸರಿಯಾದ ರಚನೆ ತನ್ನಿ

ಪ್ರೋಟೀನ್ ರಚನೆಗಳ ಸಾರ್ವಜನಿಕ ಭಂಡಾರವಾದ ಪ್ರೋಟೀನ್ ಡೇಟಾ ಬ್ಯಾಂಕ್ 1971ರಿಂದ ಇದೆ. ಆಮ್ಲಜನಕ ಇಲ್ಲದ ಮಾನವ ಹಿಮೋಗ್ಲೋಬಿನ್ನಿಗೆ, ಅಂದರೆ ಟಿ ಸ್ಥಿತಿಗೆ, 2ಎಚ್‌ಎಚ್‌ಬಿ ಸಂಕೇತದ ರಚನೆ (1984, 1.74 ಆಂಗ್‌ಸ್ಟ್ರಾಂ) ಚೆನ್ನಾಗಿದೆ. ಆಮ್ಲಜನಕ ಹೊತ್ತ ಆರ್ ಸ್ಥಿತಿಗೆ 1ಎಚ್‌ಎಚ್‌ಒ (1983, 2.1 ಆಂಗ್‌ಸ್ಟ್ರಾಂ).

ಇಲ್ಲಿ ಎಚ್ಚರ ಬೇಕು. 1ಎಚ್‌ಎಚ್‌ಒ ಫೈಲ್ ತೆರೆದರೆ ಅರ್ಧ ಹಿಮೋಗ್ಲೋಬಿನ್ ಮಾತ್ರ ಕಾಣುತ್ತದೆ: ಒಂದು ಆಲ್ಫಾ, ಒಂದು ಬೀಟಾ. ಹರಳಿನ ಸಮ್ಮಿತಿಯಿಂದ ಉಳಿದರ್ಧ ಸಿಗುವುದರಿಂದ ಅದನ್ನು ಫೈಲಿನಲ್ಲಿ ಮತ್ತೆ ಬರೆದಿರುವುದಿಲ್ಲ. ಭಂಡಾರದ ಡೌನ್‌ಲೋಡ್ ಪಟ್ಟಿಯಲ್ಲಿ 'ಬಯಾಲಾಜಿಕಲ್ ಅಸೆಂಬ್ಲಿ 1' ಆರಿಸಿಕೊಳ್ಳಿ, ಇಲ್ಲವೇ ಸಾಫ್ಟ್‌ವೇರಿನ ಸಿಮ್ಮಿಟ್ರಿ ಕಮಾಂಡಿನಿಂದ ಪೂರ್ಣ ಅಣು ಕಟ್ಟಿಕೊಳ್ಳಿ. ಕಟ್ಟಿದ ಮೇಲೆ ನಾಲ್ಕು ಸರಪಳಿಗಳಿಗೂ ಬೇರೆ ಬೇರೆ ಹೆಸರಿದೆಯೇ, ಅವು ಮೊದಲ ರಚನೆಯ ಹೆಸರುಗಳೊಂದಿಗೆ ಹೊಂದುತ್ತವೆಯೇ ನೋಡಿ. 2ಎಚ್‌ಎಚ್‌ಬಿಯಲ್ಲಿ ಎ, ಸಿ ಎಂಬವು ಆಲ್ಫಾ. ಬಿ, ಡಿ ಎಂಬವು ಬೀಟಾ. ಇದು ತಪ್ಪಿದರೆ ಮುಂದೆ ಒಂದು ಸರಪಳಿ ಇನ್ನೊಂದರ ಜಾಗಕ್ಕೆ ಹಾರಿಹೋಗುವ ಅನಿಮೇಷನ್ ಸಿಗುತ್ತದೆ.

ಸಾಫ್ಟ್‌ವೇರಿಗೆ ನನ್ನ ಆಯ್ಕೆ ಯುಸಿಎಸ್‌ಎಫ್ ಕೈಮೆರಾಎಕ್ಸ್. ಶಿಕ್ಷಣದ ಬಳಕೆಗೆ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಪೈಮಾಲ್ ಕಲಿತವರು ಅದರಲ್ಲೇ ಇದೆಲ್ಲ ಮಾಡಬಹುದು. ಏನನ್ನೂ ಇನ್‌ಸ್ಟಾಲ್ ಮಾಡಲಾಗದ ಕಾಲೇಜು ಲ್ಯಾಬಿನಲ್ಲಿ ಭಂಡಾರದ ಜಾಲತಾಣದಲ್ಲೇ ತೆರೆಯುವ ಮಾಲ್‌ಸ್ಟಾರ್ ವೀಕ್ಷಕ ಕೈಹಿಡಿಯುತ್ತದೆ.

ಹಂತ 3: ಚಲಿಸುವ ಮೊದಲು ಚಿತ್ರ ಸರಿಮಾಡಿ

ನಿಂತಾಗ ಅರ್ಥವಾಗದ ಚಿತ್ರ ಚಲಿಸಿದಾಗಲೂ ಅರ್ಥವಾಗದು. ಎಲ್ಲ ಪರಮಾಣುಗಳನ್ನೂ ಅಡಗಿಸಿ, ಪ್ರೋಟೀನನ್ನು ರಿಬ್ಬನ್ ರೂಪದಲ್ಲಿ ತೋರಿಸಿ. ಹೀಮ್‌ಗಳನ್ನು ಮಾತ್ರ ಕಡ್ಡಿಗಳಲ್ಲಿ, ಕಬ್ಬಿಣವನ್ನು ಗೋಳವಾಗಿ ಇಡಿ. ನೀರಿನ ಅಣುಗಳು ಬೇಡ. ಹಿನ್ನೆಲೆ ಬಿಳಿ ಇರಲಿ. ತರಗತಿಯ ಪ್ರೊಜೆಕ್ಟರಿನಲ್ಲಿ, ಕಿಟಕಿಯಿಂದ ಬೆಳಕು ಬರುವಾಗ, ಕಪ್ಪು ಹಿನ್ನೆಲೆಯ ಮೇಲಿನ ಅಣು ಮಸುಕಾಗಿಬಿಡುತ್ತದೆ. ಅಂಚುಗಳಿಗೆ ಕಪ್ಪು ಗೆರೆ ಕೊಡುವ ಸಿಲೂಎಟ್ ಆಯ್ಕೆ, ಮೃದು ಬೆಳಕು, ಹಿಂದಿನ ಭಾಗಗಳನ್ನು ಮಂಕಾಗಿಸುವ ಡೆಪ್ತ್ ಕ್ಯೂ ಆಯ್ಕೆ ಹಾಕಿ. ಯಾವುದು ಮುಂದೆ, ಯಾವುದು ಹಿಂದೆ ಎಂಬುದು ಅಣುವನ್ನು ತಿರುಗಿಸದೆಯೇ ತಿಳಿಯುತ್ತದೆ.

ಬಣ್ಣ ಯೋಚಿಸಿ ಕೊಡಿ. ಆಲ್ಫಾಗಳಿಗೆ ತಿಳಿ ನೀಲಿ, ಬೀಟಾಗಳಿಗೆ ತಿಳಿ ಹಳದಿ ಸಾಕು. ಕೆಂಪು–ಹಸಿರು ಜೋಡಿ ಬೇಡ, ಆ ಎರಡನ್ನು ಬೇರ್ಪಡಿಸಿ ನೋಡಲಾಗದವರು ದೊಡ್ಡ ತರಗತಿಯಲ್ಲಿ ಒಬ್ಬರಾದರೂ ಇರುತ್ತಾರೆ. ಸರಪಳಿಗೆ ಕಿತ್ತಳೆಯೂ ಬೇಡ, ಏಕೆಂದರೆ ಕಬ್ಬಿಣಕ್ಕೆ ರೂಢಿಯಲ್ಲಿರುವ ಬಣ್ಣ ಅದಕ್ಕೆ ಹತ್ತಿರ. ಆಮ್ಲಜನಕ ಕೆಂಪು, ಸಾರಜನಕ ನೀಲಿ ಎಂಬ ಹಳೆಯ ಕ್ರಮವನ್ನು ಮುರಿಯಬೇಡಿ. ಒಮ್ಮೆ ಕೊಟ್ಟ ಬಣ್ಣ ಕೊನೆಯ ಸ್ಲೈಡ್‌ವರೆಗೂ ಅದೇ ಇರಬೇಕು.

ಹಂತ 4: ಸುತ್ತಿಸಬೇಡಿ, ತೂಗಿಸಿ

ಮೊದಲ ತುಣುಕಿಗೆ ಪೂರ್ತಿ 360 ಡಿಗ್ರಿ ಸುತ್ತು ಅಪರೂಪಕ್ಕಷ್ಟೇ ಬೇಕಾಗುತ್ತದೆ. ಅರ್ಧ ಸಮಯ ನೀವು ತೋರಿಸಬೇಕಾದ ಭಾಗ ಹಿಂಬದಿಯಲ್ಲಿ ಅಡಗಿರುತ್ತದೆ. ಅದರ ಬದಲು 'ರಾಕ್' ಕಮಾಂಡ್ ಬಳಸಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ನಿಧಾನ ತೂಗಿಸಿ, ಒಟ್ಟು ಹರವು 30 ಡಿಗ್ರಿ ಇದ್ದರೆ ಆಳ ಕಣ್ಣಿಗೆ ಸಿಗುತ್ತದೆ, ಹೆಸರು ಬರೆದ ಭಾಗವೂ ಕಣ್ಮರೆಯಾಗುವುದಿಲ್ಲ.

ಪೂರ್ತಿ ಸುತ್ತು ಬೇಕೇ ಬೇಕಿದ್ದರೆ, ಉದಾಹರಣೆಗೆ ನಾಲ್ಕೂ ಹೀಮ್‌ಗಳು ಎಲ್ಲೆಲ್ಲಿವೆ ಎಂದು ತೋರಿಸಲು, ಲಂಬ ಅಕ್ಷದ ಸುತ್ತ ಮಾತ್ರ ತಿರುಗಿಸಿ. ವಿಡಿಯೋದ ಒಂದು ಚೌಕಟ್ಟಿಗೆ (ಫ್ರೇಮ್) 1 ಡಿಗ್ರಿಯಂತೆ 360 ಚೌಕಟ್ಟು. ಸೆಕೆಂಡಿಗೆ 25 ಚೌಕಟ್ಟಿನಲ್ಲಿ ಅದು 14.4 ಸೆಕೆಂಡಿನ ವಿಡಿಯೋ. ಇದಕ್ಕಿಂತ ಬಿರುಸು ಬೇಡ.

ಇನ್ನೊಂದು ಮಾತು, ಇದು ಪವರ್‌ಪಾಯಿಂಟಿಗೆ ಸೇರಿದ್ದಾದರೂ ಇಲ್ಲೇ ಹೇಳಿಬಿಡಬೇಕು. ಅಣುವಿನ ಚಿತ್ರವನ್ನು ಎಂದೂ 'ಫ್ಲಿಪ್ ಹಾರಿಜಾಂಟಲ್' ಮಾಡಬೇಡಿ. ಲೇಬಲ್ಲಿಗೆ ಜಾಗ ಸಿಗಲೆಂದು ಹಾಗೆ ಮಾಡುವುದನ್ನು ಕಂಡಿದ್ದೇನೆ. ತಿರುಗಿಸಿದ ಅಣು ಅದೇ ಅಣು. ಕನ್ನಡಿಯಲ್ಲಿ ಮಗುಚಿದ ಅಣು ಬೇರೆಯದೇ. ಪ್ರೋಟೀನಿನ ಬಲಸುತ್ತಿನ ಸುರುಳಿ (ಆಲ್ಫಾ ಹೆಲಿಕ್ಸ್) ಎಡಸುತ್ತಾಗುತ್ತದೆ, ಎಲ್-ಅಮೈನೋ ಆಮ್ಲಗಳೆಲ್ಲ ಡಿ ಆಗಿಬಿಡುತ್ತವೆ.

ಹಂತ 5: ಬೇಡದ್ದನ್ನು ಮಸುಕಾಗಿಸಿ, ಬೇಕಾದ್ದರ ಹತ್ತಿರ ಹೋಗಿ

ಇಡೀ ಅಣುವಿನಿಂದ ಒಂದು ಹೀಮ್‌ಗೆ ಬರಬೇಕು. ಇದನ್ನು ಎರಡು ಉಸಿರಿನಲ್ಲಿ ಮಾಡಿ. ಮೊದಲು ಕ್ಯಾಮೆರಾ ನಿಲ್ಲಿಸಿ, ಮೂರು ಸರಪಳಿಗಳನ್ನು 80 ಪ್ರತಿಶತದಷ್ಟು ಪಾರದರ್ಶಕ ಮಾಡಿ. ಈ ಬದಲಾವಣೆ ಫಕ್ಕನೆ ಆಗದಿರಲು ಅದಕ್ಕೂ ಮುಂಚೆ ಕ್ರಾಸ್‌ಫೇಡ್ ಕಮಾಂಡ್ ಕೊಡಿ, 25 ಚೌಕಟ್ಟು ಸಾಕು. ಒಂದು ಸೆಕೆಂಡ್ ನಿಂತು, ಆಮೇಲೆ ಕ್ಯಾಮೆರಾ ಹೊರಡಲಿ. ಕೈಮೆರಾಎಕ್ಸ್‌ನಲ್ಲಿ ದೂರದ ನೋಟಕ್ಕೊಂದು ಹೆಸರು, ಹತ್ತಿರದ ನೋಟಕ್ಕೊಂದು ಹೆಸರು ಕೊಟ್ಟು ಉಳಿಸಿಕೊಂಡರೆ 'ಫ್ಲೈ' ಕಮಾಂಡ್ ಒಂದರಿಂದ ಇನ್ನೊಂದಕ್ಕೆ ನಯವಾಗಿ ಕೊಂಡೊಯ್ಯುತ್ತದೆ.

ಹತ್ತಿರ ಹೋಗುವುದು ಅಂದಕ್ಕಲ್ಲ, ಲೆಕ್ಕಕ್ಕೆ. ಹಿಮೋಗ್ಲೋಬಿನ್ನಿನ ಉದ್ದ ಸುಮಾರು 64 ಆಂಗ್‌ಸ್ಟ್ರಾಂ. ಅದನ್ನು 1080 ಪಿಕ್ಸೆಲ್ ಎತ್ತರದ ತೆರೆಯಲ್ಲಿ 960 ಪಿಕ್ಸೆಲ್‌ಗೆ ತುಂಬಿಸಿದರೆ ಒಂದು ಆಂಗ್‌ಸ್ಟ್ರಾಂಗೆ 15 ಪಿಕ್ಸೆಲ್ ಬಂತು. ಕಬ್ಬಿಣ ಸರಿಯುವುದು ಸುಮಾರು 0.4 ಆಂಗ್‌ಸ್ಟ್ರಾಂ, ಅಂದರೆ 6 ಪಿಕ್ಸೆಲ್. ಹಿಂದಿನ ಬೆಂಚಿನಲ್ಲಿ ಕೂತವರಿಗೆ ಅದು ಕಾಣುವ ಮಾತೇ ಇಲ್ಲ. ಅದೇ 960 ಪಿಕ್ಸೆಲ್ಲಿನಲ್ಲಿ 12 ಆಂಗ್‌ಸ್ಟ್ರಾಂ ಮಾತ್ರ ಹಿಡಿಸಿದರೆ ಸರಿತ 32 ಪಿಕ್ಸೆಲ್ ಆಗುತ್ತದೆ, ಎಲ್ಲರಿಗೂ ಕಾಣುತ್ತದೆ. ನಿಮ್ಮ ಅಣು ಯಾವುದೇ ಇರಲಿ, ಈ ಗುಣಾಕಾರ ಮಾಡಿಯೇ ಮುಂದುವರಿಯಿರಿ.

ನೋಟದ ದಿಕ್ಕೂ ಅಷ್ಟೇ ಮುಖ್ಯ. ಹೀಮನ್ನು ಮೇಲಿನಿಂದ, ಅಗಲವಾಗಿ ತೋರಿಸುವ ಚಿತ್ರ ಸುಂದರ. ಆದರೆ ಕಬ್ಬಿಣ ಸರಿಯುವುದು ನಮ್ಮ ಕಡೆಗೋ ಆಚೆಗೋ ಆದ್ದರಿಂದ ಆ ನೋಟದಲ್ಲಿ ಏನೂ ಗೊತ್ತಾಗದು. ಉಂಗುರ ಒಂದು ಗೆರೆಯಂತೆ ಕಾಣುವ ಹಾಗೆ ಪಕ್ಕದಿಂದ ನೋಡಬೇಕು. ಪರ್ಸ್ಪೆಕ್ಟಿವ್ ತೆಗೆದು ಆರ್ಥೋಗ್ರಾಫಿಕ್ ಕ್ಯಾಮೆರಾ ಹಾಕಿ, ದೂರ–ಹತ್ತಿರದ ಭ್ರಮೆ ಅಳತೆಯಲ್ಲಿ ಬೆರೆಯುವುದಿಲ್ಲ.

ಹಂತ 6: ಮಾರ್ಫ್, ಮತ್ತು ಯಾವುದನ್ನು ನಿಲ್ಲಿಸಬೇಕು ಎಂಬ ಪ್ರಶ್ನೆ

ಇಡೀ ಕೆಲಸದ ತಿರುಳು ಇಲ್ಲಿದೆ. ಎರಡು ರಚನೆಗಳನ್ನು ಕೊಟ್ಟರೆ ಮಾರ್ಫ್ ಕಮಾಂಡ್ ನಡುವಿನ ಚೌಕಟ್ಟುಗಳನ್ನು ತಾನೇ ಹೆಣೆಯುತ್ತದೆ. ಅದಕ್ಕೂ ಮೊದಲು ಎರಡನ್ನೂ ಒಂದರ ಮೇಲೊಂದು ಕೂರಿಸಬೇಕು. ಯಾವ ಭಾಗವನ್ನು ಆಧಾರವಾಗಿ ಹಿಡಿದು ಕೂರಿಸುತ್ತೀರೋ ಅದು ತೆರೆಯ ಮೇಲೆ ನಿಂತಿರುತ್ತದೆ, ಉಳಿದದ್ದೆಲ್ಲ ಚಲಿಸಿದಂತೆ ಕಾಣುತ್ತದೆ. ನಾಲ್ಕೂ ಸರಪಳಿಗಳನ್ನು ಒಟ್ಟಿಗೆ ಹೊಂದಿಸಿದರೆ ವ್ಯತ್ಯಾಸ ಎಲ್ಲ ಕಡೆ ಸಮನಾಗಿ ಹಂಚಿಹೋಗಿ, ಇಡೀ ಅಣು ಸುಮ್ಮನೆ ಅಲುಗಿದ ಹಾಗೆ ತೋರುತ್ತದೆ. 15 ಡಿಗ್ರಿ ತಿರುವು ಅದರಲ್ಲಿ ಕಳೆದೇಹೋಗುತ್ತದೆ.

ಆದ್ದರಿಂದ ಮೂರನೆಯ ವಾಕ್ಯಕ್ಕೆ ಮ್ಯಾಚ್‌ಮೇಕರ್ ಕಮಾಂಡಿನಲ್ಲಿ ಎ ಸರಪಳಿಯನ್ನು ಮಾತ್ರ ಹೊಂದಿಸಿ. ಆಲ್ಫಾ–ಬೀಟಾ ಜೋಡಿ ಹೆಚ್ಚು ಕಡಿಮೆ ಒಂದೇ ಗಟ್ಟಿ ತುಂಡಿನಂತೆ ವರ್ತಿಸುವುದರಿಂದ ಎ ಮತ್ತು ಬಿ ನಿಂತಲ್ಲೇ ಇರುತ್ತವೆ. ಸಿ ಮತ್ತು ಡಿ ಒಟ್ಟಾಗಿ ತಿರುಗುವುದು ಒಂದೇ ನೋಟಕ್ಕೆ ಕಾಣುತ್ತದೆ. ನಿಂತ ಜೋಡಿಗೆ ಮಾಸಲು ಬಣ್ಣ, ತಿರುಗುವ ಜೋಡಿಗೆ ತುಸು ಗಾಢ ಬಣ್ಣ ಕೊಡಿ. ಬಣ್ಣ ಬದಲಿಸಬಾರದೆಂಬ ನಿಯಮಕ್ಕೆ ಇದು ಧಕ್ಕೆಯಲ್ಲ, ನೀಲಿ ನೀಲಿಯಾಗಿಯೇ ಇರುತ್ತದೆ.

ಎರಡನೆಯ ವಾಕ್ಯಕ್ಕೆ ಇದೇ ಮಾರ್ಫ್ ನಡೆಯುವುದಿಲ್ಲ. ಅಲ್ಲಿ ಕಬ್ಬಿಣ ಯಾವುದರ ಎದುರು ಸರಿಯಿತು ಎಂಬುದು ವಿಷಯ, ಆದ್ದರಿಂದ ಹೀಮ್ ಉಂಗುರದ ಪರಮಾಣುಗಳನ್ನೇ ಆಧಾರ ಮಾಡಿ ಅಲೈನ್ ಕಮಾಂಡಿನಿಂದ ಮತ್ತೆ ಹೊಂದಿಸಿ, ಇನ್ನೊಂದು ಮಾರ್ಫ್ ಮಾಡಿ. ಆಲ್ಫಾ ಸರಪಳಿಯಲ್ಲಿ ಕಬ್ಬಿಣಕ್ಕೆ ಅಂಟಿದ್ದು 87ನೆಯ ಹಿಸ್ಟಿಡಿನ್, ಬೀಟಾದಲ್ಲಿ 92ನೆಯದು. ಅದನ್ನೂ ಅದು ಕೂತಿರುವ ಎಫ್ ಹೆಲಿಕ್ಸನ್ನೂ ತೋರಿಸಿ, ಉಳಿದದ್ದು ಬೇಡ. ಮಾರ್ಫ್‌ನಲ್ಲಿ ಎರಡೂ ರಚನೆಗಳಲ್ಲಿರುವ ಪರಮಾಣುಗಳು ಮಾತ್ರ ಉಳಿಯುವುದರಿಂದ ಆಮ್ಲಜನಕ ಕಾಣುವುದಿಲ್ಲ. ಅದನ್ನು ಆರ್ ರಚನೆಯಿಂದ ಬೇರೆಯಾಗಿ ತೋರಿಸಿಕೊಳ್ಳಿ: ಮೊದಲು ಆಮ್ಲಜನಕ ಕ್ರಾಸ್‌ಫೇಡ್‌ನಲ್ಲಿ ಮೂಡಲಿ, ಅರೆಗಳಿಗೆ ಬಿಟ್ಟು ಕಬ್ಬಿಣ ಸರಿಯಲಿ. ಕಾರಣ ಮೊದಲು, ಪರಿಣಾಮ ಆಮೇಲೆ.

ಸಮಯವಿದ್ದರೆ ಇನ್ನೊಂದು ತುಣುಕು ಮಾಡಬಹುದು. ಟಿ ಸ್ಥಿತಿಯಲ್ಲಿ ಬೀಟಾ ಸರಪಳಿಯ ಕೊನೆಯ 146ನೆಯ ಹಿಸ್ಟಿಡಿನ್, 94ನೆಯ ಆಸ್ಪಾರ್ಟೇಟ್ ಜೊತೆ ಉಪ್ಪುಸೇತುವೆ (ವಿರುದ್ಧ ವಿದ್ಯುದಾವೇಶಗಳ ಸೆಳೆತದ ಬಂಧ) ಕಟ್ಟಿಕೊಂಡಿರುತ್ತದೆ. ಆರ್‌ಗೆ ಹೋದಾಗ ಅದು ಕಳಚುತ್ತದೆ. ಒಂದು ಚುಕ್ಕಿಗೆರೆ ಮೆಲ್ಲಗೆ ಮಾಯವಾದರೆ ಸಾಕು, ಪಟಾಕಿಯಂತೆ ಸಿಡಿಸಬೇಕಿಲ್ಲ.

ಮಾರ್ಫ್ ಬಗ್ಗೆ ನೋಡುಗರಿಗೆ ಸತ್ಯ ಹೇಳಲೇಬೇಕು. ಮೊದಲ ಮತ್ತು ಕೊನೆಯ ಚೌಕಟ್ಟು ಪ್ರಯೋಗದಿಂದ ಬಂದವು. ನಡುವಿನವು ಕಂಪ್ಯೂಟರ್ ಕಟ್ಟಿದ ಸೇತುವೆ, ಅಣು ನಿಜವಾಗಿ ಆ ದಾರಿಯಲ್ಲೇ ಹೋಯಿತು ಎಂಬುದಕ್ಕೆ ಅವು ಸಾಕ್ಷಿಯಲ್ಲ. ಜಿ. ಎನ್. ರಾಮಚಂದ್ರನ್ ಮತ್ತು ಸಹೋದ್ಯೋಗಿಗಳು 1963ರಲ್ಲಿ ಮದ್ರಾಸಿನಿಂದ ಪ್ರಕಟಿಸಿದ ನಕ್ಷೆ, ಪ್ರೋಟೀನಿನ ಬೆನ್ನೆಲುಬು ಯಾವ ಕೋನಗಳಲ್ಲಿ ಬಾಗಬಲ್ಲದು, ಯಾವುದರಲ್ಲಿ ಬಾಗಲಾರದು ಎಂದು ಹೇಳುತ್ತದೆ. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಕಟ್ಟಿದರು. ಮಾರ್ಫ್‌ನ ನಡುವಿನ ಚೌಕಟ್ಟೊಂದನ್ನು ಆ ನಕ್ಷೆಗೆ ಹಾಕಿ ನೋಡುವುದು ಎಂಎಸ್ಸಿ ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸ, ನಿಷಿದ್ಧ ಜಾಗಕ್ಕೆ ಬಿದ್ದ ಕೋನಗಳು ಸಿಕ್ಕರೆ ಮಾರ್ಫ್‌ನ ಮಿತಿ ಅವರಿಗೇ ತಿಳಿಯುತ್ತದೆ. ವೇಗವೂ ನಿಜವಲ್ಲ. ಹಿಮೋಗ್ಲೋಬಿನ್ ಟಿ–ಆರ್ ನಡುವೆ ಬದಲಾಗುವುದು ಹತ್ತಾರು ಮೈಕ್ರೋಸೆಕೆಂಡುಗಳಲ್ಲಿ, ನಾವು ಅದನ್ನು ಮೂರು ಸೆಕೆಂಡಿಗೆ ಹಿಗ್ಗಿಸುತ್ತೇವೆ. ತುಣುಕಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆಯಿರಿ: 'ಎರಡು ಹರಳು ರಚನೆಗಳ ನಡುವೆ ಕಂಪ್ಯೂಟರ್ ಹೆಣೆದ ಚಲನೆ, ವೇಗ ನೈಜವಲ್ಲ.'

ಟಿಯಿಂದ ಆರ್‌ಗೆ, ಮತ್ತೆ ಟಿಗೆ ಎಂದು ಬಿಡುವಿಲ್ಲದೆ ಓಡಿಸುವ ಲೂಪ್ ಬೇಡ. ಪ್ರೋಟೀನ್ ಉಸಿರಾಡುತ್ತಿದೆ ಎಂಬ ತಪ್ಪು ಕಲ್ಪನೆ ಅಲ್ಲಿಂದಲೇ ಹುಟ್ಟುತ್ತದೆ. ಹೋಗಿ, ನಿಲ್ಲಲಿ.

ಹಂತ 7: ರೆಕಾರ್ಡ್

ಮೌಸ್‌ನಿಂದ ಕೈಯಾರೆ ತಿರುಗಿಸಿ ರೆಕಾರ್ಡ್ ಮಾಡಬೇಡಿ, ಅಲುಗಾಟ ತಪ್ಪದು. ಕಮಾಂಡುಗಳನ್ನೆಲ್ಲ ಒಂದು ಸ್ಕ್ರಿಪ್ಟ್ ಫೈಲಿನಲ್ಲಿ ಸಾಲಾಗಿ ಬರೆದು ಓಡಿಸಿ. ಬಣ್ಣವೊಂದು ಸರಿಯಿಲ್ಲ ಎನಿಸಿದರೆ ಒಂದು ಸಾಲು ತಿದ್ದಿ ಮತ್ತೆ ಓಡಿಸಿದರಾಯಿತು. ಪ್ರತಿ ಚಲನೆಯ ನಂತರ 'ವೇಟ್' ಕಮಾಂಡ್ ಇರಬೇಕು, ಇಲ್ಲದಿದ್ದರೆ ಒಂದು ಮುಗಿಯುವ ಮೊದಲೇ ಇನ್ನೊಂದು ಶುರುವಾಗುತ್ತದೆ. ಆರಂಭದಲ್ಲೂ ಕೊನೆಯಲ್ಲೂ 50 ಚೌಕಟ್ಟು, ಅಂದರೆ 2 ಸೆಕೆಂಡ್, ಅಣು ನಿಂತಿರಲಿ. ಸೂಪರ್‌ಸ್ಯಾಂಪಲ್ 3 ಇಟ್ಟರೆ ಅಂಚುಗಳು ನಯವಾಗಿ ಬರುತ್ತವೆ. 1920ಕ್ಕೆ 1080 ಅಳತೆಯಲ್ಲಿ ಎಂಪಿ4 ಆಗಿ ಉಳಿಸಿ.

ಹಂತ 8: ಸ್ಲೈಡ್‌ಗೆ ಸೇರಿಸುವುದು

ವಿಡಿಯೋವನ್ನು ಲಿಂಕ್ ಕೊಡದೆ ಸ್ಲೈಡ್‌ನೊಳಗೇ ಸೇರಿಸಿ, 'ಆನ್ ಕ್ಲಿಕ್' ಇಡಿ. ತಾನೇ ಶುರುವಾಗುವ ವಿಡಿಯೋ ನಿಮ್ಮ ಮಾತಿಗಿಂತ ಮುಂಚೆ ಓಡಿಬಿಡುತ್ತದೆ. ಹೆಸರುಗಳನ್ನು ವಿಡಿಯೋದೊಳಗೆ ಬರೆಯುವುದಕ್ಕಿಂತ ಪವರ್‌ಪಾಯಿಂಟಿನ ಪಠ್ಯಪೆಟ್ಟಿಗೆಯಲ್ಲಿ ಕನ್ನಡದಲ್ಲೇ ಹಾಕುವುದು ಒಳ್ಳೆಯದು. ಅಕ್ಷರ ಚೂಪಾಗಿರುತ್ತದೆ, ತಿದ್ದುವುದೂ ಸುಲಭ. ವಿಡಿಯೋದ ಟೈಮ್‌ಲೈನಿನಲ್ಲಿ ಬುಕ್‌ಮಾರ್ಕ್ ಇಟ್ಟು, ಆ ಕ್ಷಣಕ್ಕೆ ಲೇಬಲ್ ಮೂಡುವಂತೆ ಟ್ರಿಗರ್ ಕೊಡಬಹುದು. ಲೇಬಲ್ಲಿಗೆ 'ಫೇಡ್' ಒಂದೇ ಸಾಕು. ಪುಟಿಯುವ, ಹಾರಿಬರುವ ಎಫೆಕ್ಟ್‌ಗಳು ಅಣುವಿನ ಚಲನೆಯ ಜೊತೆ ಪೈಪೋಟಿಗೆ ಇಳಿಯುತ್ತವೆ.

ಪವರ್‌ಪಾಯಿಂಟ್ 2019 ಮತ್ತು ಮೈಕ್ರೋಸಾಫ್ಟ್ 365ರಲ್ಲಿರುವ ಮಾರ್ಫ್ ಟ್ರಾನ್ಸಿಷನ್‌ಗೂ ಮೇಲೆ ಹೇಳಿದ ಅಣುವಿನ ಮಾರ್ಫ್‌ಗೂ ಸಂಬಂಧವಿಲ್ಲ. ಎರಡು ಬೇರೆ ಕೋನದ ಚಿತ್ರಗಳನ್ನು ಎರಡು ಸ್ಲೈಡ್‌ಗೆ ಹಾಕಿ ಟ್ರಾನ್ಸಿಷನ್ ಕೊಟ್ಟರೆ ಅಣು ತಿರುಗುವುದಿಲ್ಲ, ಒಂದು ಚಿತ್ರ ಕರಗಿ ಇನ್ನೊಂದು ಬರುತ್ತದೆ ಅಷ್ಟೇ. ಆದರೆ ಒಂದೇ ದೊಡ್ಡ ಚಿತ್ರವನ್ನು ನಕಲು ಮಾಡಿ, ಮುಂದಿನ ಸ್ಲೈಡ್‌ನಲ್ಲಿ ಹೀಮ್ ಭಾಗಕ್ಕೆ ಹಿಗ್ಗಿಸಿದರೆ ಕ್ಯಾಮೆರಾ ಹತ್ತಿರ ಹೋದಂತೆ ಬಹಳ ಚೆನ್ನಾಗಿ ಬರುತ್ತದೆ. ವಿಡಿಯೋ ಮಾಡಲು ಪುರಸೊತ್ತಿಲ್ಲದವರಿಗೆ ಇದೊಂದು ಉಪಾಯ ಸಾಕು.

ನಿಜವಾಗಿ ತಿರುಗಬೇಕಿದ್ದರೆ ಕೈಮೆರಾಎಕ್ಸ್‌ನಿಂದ ಜಿಎಲ್‌ಬಿ ಫೈಲಾಗಿ ಉಳಿಸಿ, 'ತ್ರೀಡಿ ಮಾಡೆಲ್' ಆಗಿ ಸೇರಿಸಿ. ಸ್ಲೈಡ್ ನಕಲು ಮಾಡಿ, ಮಾದರಿಯನ್ನು ಬೇಕಾದಷ್ಟು ತಿರುಗಿಸಿ, ಮಾರ್ಫ್ ಕೊಡಿ. 180 ಡಿಗ್ರಿಗಿಂತ ಹೆಚ್ಚಿನ ತಿರುವನ್ನು ಎರಡು ಸ್ಲೈಡ್‌ಗೆ ಹಂಚಿ. ಎರಡೂ ಸ್ಲೈಡ್‌ಗಳ ವಸ್ತುಗಳು ಹೊಂದಿಕೆಯಾಗದಿದ್ದರೆ ಸೆಲೆಕ್ಷನ್ ಪೇನ್‌ನಲ್ಲಿ ಎರಡಕ್ಕೂ '!!' ಚಿಹ್ನೆಯಿಂದ ಶುರುವಾಗುವ ಒಂದೇ ಹೆಸರು ಕೊಡಿ. ರಿಬ್ಬನ್ ಮತ್ತು ಹೀಮ್ ಕಡ್ಡಿಗಳಿಗೆ ಇದು ಸರಿ. ಸಾವಿರಾರು ಪರಮಾಣು ಗೋಳಗಳಿದ್ದರೆ ಹಳೆಯ ಲ್ಯಾಪ್‌ಟಾಪ್ ತಡವರಿಸುತ್ತದೆ. ಮಾದರಿಗೆಂದೇ ಇರುವ ಎಫೆಕ್ಟ್‌ಗಳಲ್ಲಿ 'ಸ್ವಿಂಗ್' ನಮ್ಮ ತೂಗುವ ಚಲನೆಗೆ ಹತ್ತಿರ, ಅದನ್ನು ಬಳಸಿ. 'ಜಂಪ್ ಅಂಡ್ ಟರ್ನ್' ಪ್ರೋಟೀನಿಗೆ ಯಾವ ಅರ್ಥವನ್ನೂ ಕೊಡುವುದಿಲ್ಲ. ಲಿಬ್ರೆಆಫೀಸ್ ಬಳಸುವವರು ಎಂಪಿ4 ದಾರಿಯಲ್ಲೇ ಹೋಗಲಿ.

ಹಂತ 9: ತರಗತಿಯಲ್ಲಿ

ಕ್ಲಿಕ್ ಮಾಡುವ ಮೊದಲೇ ಏನು ನೋಡಬೇಕೆಂದು ಹೇಳಿ: 'ಎಡಗಡೆಯ ಜೋಡಿ ಅಲುಗುವುದಿಲ್ಲ, ಬಲಗಡೆಯದನ್ನು ಗಮನಿಸಿ.' ಓಡುವಾಗ ಮಾತು ನಿಲ್ಲಿಸಿ. ಮುಗಿದ ಮೇಲೆ ಮತ್ತೊಮ್ಮೆ ಹಾಕಿ. ಮೊದಲ ಸಲ ಕಣ್ಣು ಜಾಗ ಹುಡುಕುತ್ತದೆ, ಎರಡನೆಯ ಸಲವೇ ನಿಜವಾಗಿ ನೋಡುತ್ತದೆ. ಸಾಧ್ಯವಿದ್ದರೆ ಒಂದು ದಿನ ಮುಂಚೆ ಆ ಕೋಣೆಯ ಪ್ರೊಜೆಕ್ಟರಿನಲ್ಲೇ ಓಡಿಸಿ, ಕೊನೆಯ ಬೆಂಚಿನಲ್ಲಿ ಕೂತು ನೋಡಿ. ತಿಳಿ ಹಳದಿ ಕೆಲವು ಪ್ರೊಜೆಕ್ಟರುಗಳಲ್ಲಿ ಬಿಳಿಯೊಳಗೆ ಕರಗಿಬಿಡುತ್ತದೆ, ಆಗ ಒಂದು ಛಾಯೆ ಗಾಢಗೊಳಿಸಿ.

ವಿಡಿಯೋ ಓಡದ ದಿನಕ್ಕೂ, ವಿದ್ಯಾರ್ಥಿಗಳಿಗೆ ಕಳಿಸುವ ಪಿಡಿಎಫ್‌ಗೂ, ಪ್ರತಿ ತುಣುಕಿನ ಮೊದಲ ಮತ್ತು ಕೊನೆಯ ಚೌಕಟ್ಟನ್ನು ಅಕ್ಕಪಕ್ಕ ಇಟ್ಟ ಒಂದು ಸ್ಲೈಡ್ ಮಾಡಿಡಿ. ಚಲನೆಯ ದಿಕ್ಕಿಗೆ ಒಂದು ಬಾಣ, ಕೆಳಗೆ ಎರಡು ರಚನೆಗಳ ಸಂಕೇತ, ಯಾವ ಸರಪಳಿಯನ್ನು ಆಧಾರವಾಗಿ ಹೊಂದಿಸಿದ್ದು ಎಂಬ ಒಂದು ಸಾಲು. ಮನೆಗೆ ಹೋಗಿ ಅದೇ ಎರಡು ಫೈಲ್ ಇಳಿಸಿಕೊಂಡ ವಿದ್ಯಾರ್ಥಿ ಅಷ್ಟರಿಂದಲೇ ಆ ತಿರುವನ್ನು ತಾನೇ ಮಾಡಿ ನೋಡಬಹುದು.